ತಗಡಿನ ಮೇಲೆ ಮರ ಬರೆದ ಮಳೆಗಾಲ

ಮಧ್ಯಾಹ್ನ ಮೂರೂವರೆಗೆ ಕರೆಂಟ್ ಹೋಯಿತು. ಕೆಡುಕು ಶುರುವಾದದ್ದು ಆಗ. ಬೆಂಕಿ ಹತ್ತಿದ್ದು ಅದಾದ ಮೇಲೆ, ಸಂಜೆಯ ಹೊತ್ತಿಗೆ. ಆದರೆ ಎಲ್ಲವನ್ನೂ ಮತ್ತೆ ಮನಸ್ಸಿನಲ್ಲಿ ಓಡಿಸಿ ನೋಡುವಾಗ ನಾನು ಹಿಂದಕ್ಕೆ ಹೋಗಿ ನಿಲ್ಲುವುದು ಆ ಮೂರೂವರೆಯಲ್ಲೇ. ಕೊನೆಯ ಕೋಟ್ ಹೊಡೆದು ಮುಗಿಸಿದ ನನ್ನ ಗಂಡ ಜಯಂತ, "ಸವಿತಾ, ಗಂಟೆ ಎಷ್ಟಾಯ್ತು ನೋಡು," ಎಂದಿದ್ದರು. ನಾನು ಮೊಬೈಲ್ ನೋಡಿ ಹೇಳುತ್ತಿರುವಾಗಲೇ ಶೆಡ್ಡಿನ ಬಲ್ಬುಗಳೆಲ್ಲ ಒಟ್ಟಿಗೆ ಆರಿದವು.

ಮೊನ್ನೆ ಪುತ್ತೂರಿನಿಂದ ಬರುವ ಬಸ್ಸಿನಲ್ಲಿ ಕೂತಿದ್ದೆ. ಕಡಬ ಹತ್ತಿರವಾಗುತ್ತಿದ್ದ ಹಾಗೆ ಯಾವುದೋ ತೋಟದ ಬದಿಯಿಂದ ರಬ್ಬರ್ ಹೊಗೆಯ ವಾಸನೆ ಒಳಗೆ ಬಂತು. ರಬ್ಬರ್ ಶೀಟುಗಳನ್ನು ಹೊಗೆಯಲ್ಲಿ ಒಣಗಿಸುವಾಗ ಬರುವ, ಸ್ವಲ್ಪ ಹುಳಿ ಸ್ವಲ್ಪ ಕಮಟು ಕೂಡಿದ ವಾಸನೆ. ಈ ಕಡೆಯವರ ಮೂಗಿಗೆ ಅದು ವಾಸನೆಯೇ ಅಲ್ಲ. ನಾನು ಎದುರು ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡದ್ದನ್ನು ಪಕ್ಕದ ಹೆಂಗಸು ನೋಡಿದರು.

"ಎಂತ ಟೀಚರ್, ವಾಂತಿ ಬರ್ತದಾ? ಕಿಟಕಿ ಬದಿಗೆ ಬನ್ನಿ."

"ಇಲ್ಲ. ಗ್ಲಾಸು ಹಾಕುವನಾ?"

"ಅಯ್ಯೋ ದೇವರೇ, ಈ ಸೆಕೆಗಾ?" ಎಂದು ನಕ್ಕರು.

ಇಳಿಯುವ ತನಕ ನಾನು ಉಸಿರನ್ನು ಸಣ್ಣಗೆ ಎಳೆಯುತ್ತಾ ಕೂತಿದ್ದೆ. ಆ ಮಳೆಗಾಲ ಕಳೆದು ಮತ್ತೊಂದು ಮಳೆಗಾಲವೂ ಹೋಗಿದೆ.

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು. ತವರು ಮರ್ಕಂಜ, ಮನೆಮಾತು ಅರೆಭಾಷೆ. ಜಯಂತರದು ತುಳು. ಮದುವೆಯಾದ ಹೊಸತರಲ್ಲಿ ನಾಚಿಕೆಯಿಂದ ಹಿಡಿದ ಕನ್ನಡವೇ ನಮ್ಮಿಬ್ಬರ ನಡುವೆ ಉಳಿದುಬಿಟ್ಟಿತು; ಜಗಳ ಜೋರಾದರೆ ಮಾತ್ರ ಅವರವರ ಭಾಷೆ. ಕಡಬದ ರಸ್ತೆ ಬದಿಯಲ್ಲಿ ಅವರ ಶೆಡ್, ಅದರ ಹಿಂದೆಯೇ ನಮ್ಮ ಸಣ್ಣ ಮನೆ. ಹಳೆಯ ಕಾರುಗಳ ಒಳಭಾಗವನ್ನು ಮೊದಲಿನಂತೆ ಮಾಡಿಕೊಡುವುದು ಅವರ ಕೆಲಸ. ಸೀಟು, ಮೇಲ್ಚಾವಣಿಯ ಬಟ್ಟೆಗಳನ್ನು ಬೇರೆಯವರೂ ಮಾಡುತ್ತಾರೆ. ಜಯಂತರನ್ನು ಹುಡುಕಿಕೊಂಡು ಮಂಗಳೂರು, ಕಾಸರಗೋಡಿನಿಂದ ಜನ ಬರುತ್ತಿದ್ದದ್ದು ಡ್ಯಾಶ್‌ಬೋರ್ಡಿನ 'ಮರ'ಕ್ಕೆ.

ಆ ಕಾಲದ ದೊಡ್ಡ ಕಾರುಗಳಲ್ಲಿ ಸ್ಟೀರಿಂಗಿನ ಆಚೆ ಈಚೆ ಉದ್ದಕ್ಕೆ ಒಂದು ಪಟ್ಟಿ ಇರುತ್ತದೆ. ನೋಡಿದರೆ ಬೀಟೆ ಮರ, ಮುಟ್ಟಿದರೆ ತಗಡು. ತಗಡಿನ ಮೇಲೆ ಮರದ ಎಳೆಗಳನ್ನು ಅಚ್ಚು ಹಾಕಿದ ತೆಳ್ಳಗಿನ ಹಾಳೆ ಅಂಟಿಸಿರುತ್ತಾರೆ. ವರ್ಷಗಟ್ಟಲೆ ಬಿಸಿಲಿಗೆ ಅದು ಬಿರಿದು ಏಳುತ್ತದೆ. ಹೊಸ ಹಾಳೆ ತಂದು ಅಂಟಿಸುವವರಿದ್ದಾರೆ. ಜಯಂತ ಹಾಗೆ ಮಾಡುತ್ತಿರಲಿಲ್ಲ. ಹಳೆಯದನ್ನು ಕೆರೆದು, ಉಜ್ಜಿ, ತಿಳಿಕಂದು ಬಣ್ಣ ಹೊಡೆದು, ಅದು ಒಣಗಿದ ಮೇಲೆ ಗಾಢಕಂದು ಬಣ್ಣವನ್ನು ತೆಳ್ಳಗೆ ಸವರಿ, ಅದು ಹಸಿಯಿರುವಾಗಲೇ ಎಳೆಗಳನ್ನು ಬರೆಯುತ್ತಿದ್ದರು. ಸವೆದ ಬ್ರಷ್ಷು, ಕೋಳಿಯ ಗರಿ, ಮತ್ತು ಹಲ್ಲು ಹಲ್ಲಾಗಿ ಕೊರೆದ ಒಂದು ದಪ್ಪ ರಬ್ಬರ್ ತುಂಡು, ಇಷ್ಟೇ ಸಾಮಾನು. ಆ ತುಂಡನ್ನು ಹಸಿ ಬಣ್ಣದ ಮೇಲೆ ಉರುಳಿಸುತ್ತಾ ಎಳೆದರೆ ತಗಡಿನಲ್ಲಿ ಮರದ ಗಂಟು ಕಣ್ಣು ಬಿಡುತ್ತಿತ್ತು.

ನಾನು ಮೊದಲ ಸಲ ನೋಡಿದಾಗ, "ಒಟ್ಟಾರೆ ಸುಳ್ಳು ಮರ," ಎಂದಿದ್ದೆ.

"ಸುಳ್ಳಲ್ಲ ಮಾರಾಯ್ತಿ, ಚಿತ್ರ. ಚಿತ್ರ ಸುಳ್ಳಾ?" ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದರು.

ರಬ್ಬರ್ ತುಂಡು ಕೊಟ್ಟವರು ಪಕ್ಕದ ರೋಸಮ್ಮ ಚೇಡತ್ತಿ. ಅವರ ಅಪ್ಪ ಕೇರಳದಿಂದ ಬಂದು ಇಲ್ಲಿ ರಬ್ಬರ್ ಹಾಕಿದವರು. ಗಂಡ ತೀರಿಕೊಂಡ ಮೇಲೆ ಚೇಡತ್ತಿ ಒಬ್ಬರೇ ತೋಟ ನೋಡಿಕೊಂಡಿದ್ದರು. ಬೆಳಿಗ್ಗೆ ಮರಗಳಿಂದ ರಬ್ಬರ್ ಹಾಲು ಇಳಿಸಿ, ಶೀಟು ಮಾಡಿ ಮುಗಿಸಿದ ಮೇಲೆ ನಮ್ಮ ಶೆಡ್ಡಿಗೆ ಬಂದು ಕೂರುವುದು ಅವರ ಅಭ್ಯಾಸ. "ಸುತ್ತ ಇಷ್ಟು ಮರ ಉಂಟು. ನೀನು ತಗಡಿಗೆ ಮರ ಬರೀತಾ ಕೂತಿದ್ದಿಯಲ್ಲ ಮೋನೆ, ನಿನಗೆ ಪ್ರಾಂದಾ?" ಎಂದು ಜಯಂತರನ್ನು ಕೆಣಕುವರು. ಅವರ ಮಲೆಯಾಳದಲ್ಲಿ ಚೇಡತ್ತಿ ಎಂದರೆ ಅಕ್ಕ, ಮೋನೆ ಎಂದರೆ ಮಗನೆ, ಪ್ರಾಂದು ಎಂದರೆ ಹುಚ್ಚು. "ಹೌದು ಚೇಡತ್ತಿ, ಅದಕ್ಕೆ ಜನ ಅಷ್ಟು ದೂರದಿಂದ ಕಾರು ತರುದು," ಎನ್ನುವರು ಇವರು.

ಆ ವರ್ಷ ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ ಬಂದದ್ದು ಪುತ್ತೂರಿನ ಡಾಕ್ಟ್ರ ಕಾರು. ಡಾಕ್ಟ್ರು ನಿವೃತ್ತರು. ಕಾರು ಅವರ ಅಪ್ಪನದ್ದು. ಮಂಗಳೂರಿನಲ್ಲಿ ಹಳೆಯ ಕಾರುಗಳ ಮೆರವಣಿಗೆಯೊಂದಿತ್ತು. ಅಪ್ಪನ ಕಾರನ್ನು ಅದರಲ್ಲಿ ಓಡಿಸಬೇಕು ಎಂದು ಅವರಿಗೆ ಆಸೆ. ಜಯಂತ ಆ ಪಟ್ಟಿಗೆ ತಮ್ಮಲ್ಲಿದ್ದದ್ದನ್ನೆಲ್ಲ ಸುರಿದರು. ಮರದ ಎಳೆ ರೇಡಿಯೋದ ತೂತಿನ ಹತ್ತಿರ ಬಂದು ಅದನ್ನು ಸುತ್ತಿಕೊಂಡು ಆಚೆಗೆ ಹರಿಯುತ್ತಿತ್ತು, ಹೊಳೆ ನಡುವಿನ ಕಲ್ಲನ್ನು ಸುತ್ತಿದ ಹಾಗೆ. ಉಳಿದದ್ದು ಮೇಲಿನ ಕ್ಲಿಯರ್ ಕೋಟ್ ಮಾತ್ರ, ಕನ್ನಡಿಯ ಹೊಳಪು ಕೊಡುವ ಬಣ್ಣವಿಲ್ಲದ ಲ್ಯಾಕರ್.

ಮಳೆಗಾಲದಲ್ಲಿ ಲ್ಯಾಕರಿನದ್ದು ಒಂದೇ ತಕರಾರು. ಥಂಡಿ ಗಾಳಿಯ ನೀರನ್ನು ಎಳೆದುಕೊಂಡು ಒಣಗುವಾಗ ಬೆಳ್ಳಗಾಗುತ್ತದೆ, ಗಾಜಿಗೆ ಉಸಿರು ಬಿಟ್ಟ ಹಾಗೆ. ಅದಕ್ಕೇ ಜಯಂತ ಒಂದು ಪೆಟ್ಟಿಗೆ ಮಾಡಿ, ಒಳಗೆ ದೊಡ್ಡ ಬಲ್ಬುಗಳನ್ನು ಹಾಕಿ ಬಿಸಿ ಇಡುತ್ತಿದ್ದರು. ಆ ದಿನ ಜೋರು ಮಳೆಗೆ ಜಿಲ್ಲೆಯಲ್ಲಿ ರಜೆ ಕೊಟ್ಟಿದ್ದರು, ನಾನು ಮನೆಯಲ್ಲಿದ್ದೆ. ಮೂರೂವರೆಗೆ ಬಲ್ಬುಗಳು ಆರಿದವು. ನಾವು ನೋಡುತ್ತಿದ್ದ ಹಾಗೆ ಪಟ್ಟಿಯ ಒಂದು ಮೂಲೆಯಿಂದ ಬಿಳಿ ಹಬ್ಬತೊಡಗಿತು.

"ಕರೆಂಟಿನವರಿಗೆ ಫೋನ್ ಮಾಡಿ," ಎಂದೆ.

"ಮಾಡಿದೆ. ಹೊಳೆಯಿಂದ ಆಚೆ ಲೈನಿಗೆ ಮರ ಬಿದ್ದಿದೆಯಂತೆ. ನಾಳೆ ಬರ್ತದಂತೆ. ಯಾವ ನಾಳೆ ಅಂತ ಹೇಳ್ಲಿಲ್ಲ."

ಬಾಗಿಲಲ್ಲಿ ತಲೆಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ನಿಂತಿದ್ದ ಚೇಡತ್ತಿ, "ನನ್ನ ಹೊಗೆಮನೆಗೆ ತಾ ಮೋನೆ. ಬೆಂಕಿ ಬೆಳಿಗ್ಗೆಯೇ ತೆಗೆದಿದ್ದೇನೆ. ಬಿಸಿ ಮಾತ್ರ ಉಂಟು," ಎಂದರು.

ಹೊರಗಿನವರಿಗೆ ಇದು ಹುಚ್ಚುತನವಾಗಿ ಕಾಣಬಹುದು. ನಮಗೆ ಹಾಗೆ ಕಾಣಲಿಲ್ಲ. ಶೀಟು ಒಣಗಿಸುವ ಆ ಸಣ್ಣ ಇಟ್ಟಿಗೆ ಕೋಣೆಯಲ್ಲಿ ಆಟಿಯ ಮಳೆಗೆ ನೆರೆಕರೆಯವರು ಏನನ್ನು ಒಣಗಿಸಿಲ್ಲ? ಮಕ್ಕಳ ಯೂನಿಫಾರ್ಮು, ಹಲಸಿನ ಹಪ್ಪಳ, ಕರಿಮೆಣಸು, ಯಾರದ್ದೋ ಮದುವೆಯ ಆಲ್ಬಮ್ಮು. ನನ್ನ ಉತ್ತರ ಪತ್ರಿಕೆಗಳ ಒಂದು ಕಟ್ಟು ಬಸ್ಸಿನಲ್ಲಿ ನೆನೆದಾಗ ಅಲ್ಲೇ ಒಣಗಿಸಿದ್ದೆ. ಮಕ್ಕಳು ಪೇಪರ್ ಮೂಸಿ ಮೂಸಿ ನಕ್ಕಿದ್ದರು. ಜಯಂತರೂ ಬಣ್ಣ ಒಣಗಿದ ತಗಡುಗಳನ್ನು ಎಷ್ಟೋ ಸಲ ಅಲ್ಲಿ ಬೆಚ್ಚಗೆ ಇಟ್ಟು ತಂದಿದ್ದರು. ಆದರೆ ಹಸಿ ಲ್ಯಾಕರನ್ನು ಒಯ್ದದ್ದು ಅದೇ ಮೊದಲು. ಕೋಣೆಯ ನಡುವೆ ಬೆಂಕಿಯ ಹೊಂಡ, ಹೊಂಡಕ್ಕೆ ತೂತಿನ ತಗಡಿನ ಮುಚ್ಚಳ, ಮುಚ್ಚಳದ ಕೆಳಗೆ ಬೂದಿ. ಬೂದಿಯ ಅಡಿಯಲ್ಲಿ ಕೆಂಡ ಇನ್ನೂ ಕೆಂಪಗಿತ್ತು. ಅದು ಮೂವರಿಗೂ ಗೊತ್ತಿತ್ತು, ಬಿಸಿ ಬೇಕಾದದ್ದು ಅದರಿಂದಲೇ.

ಪಟ್ಟಿಯನ್ನು ಟರ್ಪಾಲಿನಡಿ ಹಿಡಿದು ಒಯ್ದೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಜಯಂತ ಕೂಗಿದರು. "ಸವಿತಾ, ಬಿಳಿ ಬಿಡ್ತಾ ಉಂಟು! ಮೇಲಿಂದ ಒಂದು ಕೈ ಥಿನ್ನರ್ ಹೊಡೆದ್ರೆ ಪೂರಾ ಹೋಗ್ತದೆ!" ಓಡಿ ಹೋಗಿ ಥಿನ್ನರಿನ ಡಬ್ಬಿ, ಕೈಯಲ್ಲಿ ಒತ್ತುವ ಸ್ಪ್ರೇ ಬಾಟಲಿ ತಂದರು. ಹೊರಗಿನ ಥಂಡಿ ಒಳಗೆ ಬರಬಾರದೆಂದು ಬಾಗಿಲನ್ನು ಒಳಗಿನಿಂದ ಎರಡೂ ಕೈಯಲ್ಲಿ ಎಳೆದುಕೊಂಡರು. ಮಳೆಗೆ ಊದಿದ್ದ ಹಲಗೆಗಳು ಕಿರುಗುಟ್ಟಿ ಚೌಕಟ್ಟಿನಲ್ಲಿ ಸಿಕ್ಕಿಕೊಂಡವು.

"ಹೊರಗೆ ಬರುವಾಗ ನನ್ನನ್ನು ಕರಿ," ಎಂದು ಚೇಡತ್ತಿ ನಕ್ಕರು. "ಅದನ್ನು ತೆಗೀಲಿಕ್ಕೆ ನನಗೆ ಮಾತ್ರ ಗೊತ್ತು."

ನಾನು ಕೊಡೆ ಹಿಡಿದು ನಿಂತಿದ್ದೆ. ಒಳಗೆ ಸ್ಪ್ರೇ ಒತ್ತುವ ಚಸ್ ಚಸ್ ಸದ್ದು. ಥಿನ್ನರಿನ ಆವಿ ಗಾಳಿಗಿಂತ ಭಾರ, ನೆಲಕ್ಕಿಳಿದು ತಗ್ಗು ಹುಡುಕಿಕೊಂಡು ಹೋಗುತ್ತದೆ ಎಂದು ಆಮೇಲೆ ಆಸ್ಪತ್ರೆಯಲ್ಲಿ ಯಾರೋ ವಿವರಿಸಿದರು. ಆ ಹೊತ್ತಿಗೆ ನನಗೆ ಕೇಳಿಸಿದ್ದು ಗ್ಯಾಸ್ ಒಲೆ ತಡವಾಗಿ ಹತ್ತಿಕೊಂಡಾಗ ಬರುವಂಥ ಒಂದು ಸದ್ದು. ಆದರೆ ಕೋಣೆಯಷ್ಟು ದೊಡ್ಡದು. ಮಾಡಿನ ಹಂಚುಗಳೆಲ್ಲ ಒಮ್ಮೆ ಎದ್ದು ಕೂತವು. ಸಂದುಗಳಲ್ಲಿ ಬೆಳಕು ಕಾಣಿಸಿತು. ಸುಂದರವಾದ ಕಿತ್ತಳೆ ಬಣ್ಣ. ಸುಂದರ ಎಂದು ಆಗಲೇ ಅನ್ನಿಸಿತ್ತು, ಅದು ನನ್ನನ್ನು ಇನ್ನೂ ಬಿಟ್ಟಿಲ್ಲ.

ಒಳಗಿನಿಂದ ಬಾಗಿಲು ಬಡಿಯುತ್ತಿದ್ದರು. ಚೇಡತ್ತಿ ಹಿಡಿ ಹಿಡಿದು ಎಳೆದರು. ನಾನು ಅವರ ಸೊಂಟ ಹಿಡಿದು ಎಳೆದೆ. ಹಿಡಿ ಕಿತ್ತು ಅವರ ಕೈಗೇ ಬಂತು, ಇಬ್ಬರೂ ಕೆಸರಿಗೆ ಬಿದ್ದೆವು. ಮೇಲೆ ತೂಗು ಹಾಕಿದ್ದ ಶೀಟುಗಳು ಹತ್ತಿಕೊಂಡು ಕರಿ ಹೊಗೆ ಬರತೊಡಗಿತ್ತು. ಚೇಡತ್ತಿ ಗೋಡೆಗೆ ಒರಗಿಸಿದ್ದ ಹಾರೆ ತಂದು ಸಂದಿಗೆ ತುರುಕಿದರು. ಆಗ ಒಳಗಿನ ಬಡಿತ ನಿಂತಿತು.

ನಾವಿಬ್ಬರೂ ಹಾರೆಯ ಮೇಲೆ ಜೋತುಬಿದ್ದೆವು. ಬಾಗಿಲು ಬಿಟ್ಟುಕೊಟ್ಟಿತು. ಜಯಂತ ಆ ಪಟ್ಟಿಯ ಸಮೇತ ಹೊರಗೆ ಮಗುಚಿ ಬಿದ್ದರು.

ನಡೆದದ್ದು ಹೀಗೆ. ಆದರೆ ನನ್ನ ತಲೆಯೊಳಗೆ ನಡೆಯುವಾಗ ಕೆಲವು ಸಲ ಆ ಬಾಗಿಲು ತೆರೆಯುವುದಿಲ್ಲ.

ಹೊಳಪು ನೋಡಲೆಂದು ಅವರು ಪಟ್ಟಿಯನ್ನು ಮುಖದ ಎದುರಿಗೆ ಎತ್ತಿ ಹಿಡಿದಿದ್ದರಂತೆ. ಅದಕ್ಕೇ ಕಣ್ಣು, ಮುಖ ಉಳಿದದ್ದು. ಪಟ್ಟಿ ಹಿಡಿದಿದ್ದ ಕೈಗಳೆರಡೂ ಸುಟ್ಟಿದ್ದವು, ಬಲಗೈ ಹೆಚ್ಚು. ಡ್ರಮ್ಮಿನ ಮಳೆನೀರಿಗೆ ಮೊಣಕೈವರೆಗೆ ಮುಳುಗಿಸಿ ಹಿಡಿದೆವು. ಯಾರೋ ಜೀಪು ತಂದರು. ಹತ್ತಿಸಿ ಬಾಗಿಲು ಹಾಕಿದ್ದೇ ಜಯಂತ ಕಿರುಚಿದರು. ಅಂಥ ಸದ್ದನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. "ಹಾಕ್ಬೇಡಿ! ಬಾಗಿಲು ಹಾಕ್ಬೇಡಿ!"

"ಬಾಗಿಲು ಹಾಕದೆ ಹೇಗೆ ಹೋಗುದು ಅಕ್ಕ? ಮಳೆ ನೋಡಿ," ಎಂದ ಡ್ರೈವರ್.

ಕೊನೆಗೆ ಬಾಗಿಲೇ ಇಲ್ಲದ ಗಾಡಿ ಅಂತ ಆಟೋದಲ್ಲಿ ಹೋದೆವು. ಬದಿಯ ಟರ್ಪಾಲನ್ನು ಇಳಿಸಲೂ ಅವರು ಬಿಡಲಿಲ್ಲ. ಸವಣೂರು ದಾಟಿ ಪುತ್ತೂರು ಸೇರುವವರೆಗೆ ಮಳೆ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೋಗುತ್ತಿತ್ತು.

ಆಸ್ಪತ್ರೆಯಲ್ಲಿ ತೊಡೆಯ ಚರ್ಮ ತೆಗೆದು ಬಲಗೈಗೆ ಹಾಕಿದರು. ಕಾರಿನ ಡಾಕ್ಟ್ರು ದಿನಾ ಬಂದು ಮಂಚದ ಪಕ್ಕದಲ್ಲಿ ಕೂರುತ್ತಿದ್ದರು.

"ಮೆರವಣಿಗೆ ಮುಗೀತಾ ಡಾಕ್ಟ್ರೇ?" ಎಂದು ಜಯಂತ ಕೇಳಿದರು.

"ಎಂತ ಮೆರವಣಿಗೆ ಮಾರಾಯ? ಮಳೆಗೆ ಅದು ನಡೀಲೇ ಇಲ್ಲ." ಡಾಕ್ಟ್ರು ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು. "ಕಾರು ಅಲ್ಲೇ ಇರ್ಲಿ. ನಿನ್ನ ಕೈಗೆ ಯಾವಾಗ ಆಗ್ತದೋ ಆಗ ಮಾಡು. ಆಗದಿದ್ರೆ ಪಟ್ಟಿ ಇಲ್ಲದೆಯೇ ಓಡ್ತದೆ ಅದು."

ಮನೆಗೆ ಬಂದ ಮೇಲೆ ನಮ್ಮ ಮನೆಯ ಯಾವ ಬಾಗಿಲನ್ನೂ ಹಾಕಲಿಲ್ಲ. ಶೆಡ್ಡಿನ ಶಟರು ಮೇಲೆ ಹೋದದ್ದು ಮೇಲೆಯೇ. ಬಚ್ಚಲಿಗೆ ನನ್ನ ಹಳೆಯ ಸೀರೆ ಪರದೆ. ಎದುರು ಬಾಗಿಲು ಹಗಲೂ ರಾತ್ರಿ ತೆರೆದೇ. ಎರಚಲಿಗೆ ನೆಲ ನೆನೆಯಿತು, ಕಪ್ಪೆಗಳು ಬಂದವು, ದಾರಿಹೋಕ ನಾಯಿಯೊಂದು ನಮ್ಮ ಕಾಲ್ದೆಸೆಯಲ್ಲಿ ಮಲಗಲು ಶುರುಮಾಡಿತು. ನಮಗೆ ಮಾತ್ರ ನಿದ್ದೆಯಿಲ್ಲ. ತಾನು ಎಚ್ಚರವಾಗಿರುವುದು ಇನ್ನೊಬ್ಬರಿಗೆ ಗೊತ್ತಾಗಬಾರದೆಂದು ಇಬ್ಬರೂ ಉಸಿರು ಬಿಗಿಹಿಡಿದು ಬಿದ್ದುಕೊಳ್ಳುತ್ತಿದ್ದೆವು. ಜೊಂಪು ಹತ್ತಿದರೆ ನನಗೆ ಆ ಬಡಿತ ಕೇಳುವುದು. ಅದಕ್ಕಿಂತ ಹೆಚ್ಚಾಗಿ ಬಡಿತ ನಿಂತದ್ದು ಕೇಳುವುದು. ಕಾಲೇಜಿನಲ್ಲಿ ತಡವಾಗಿ ಬಂದ ಹುಡುಗಿಯೊಬ್ಬಳು ತರಗತಿಯ ಬಾಗಿಲು ಬಡಿದರೆ ನನ್ನ ಕೈಯಲ್ಲಿ ಚಾಕ್ ಮುರಿಯುತ್ತಿತ್ತು. ಜಯಂತರನ್ನು ನೋಡಿದರೆ ಹೀಗೇ ಸವೆದು ಹೋಗುತ್ತಾರೋ ಎಂದು ಭಯವಾಗುತ್ತಿತ್ತು. ಕಣ್ಣಿನ ಸುತ್ತ ಕಪ್ಪಾಗಿ, ಹಗಲಲ್ಲಿ ಕೂತಲ್ಲೇ ತೂಕಡಿಸಿ, ಬೆಚ್ಚಿ ಏಳುತ್ತಿದ್ದರು. ನಿದ್ದೆ ಬರುವ ಮಾತ್ರೆಯನ್ನೂ ನುಂಗುತ್ತಿರಲಿಲ್ಲ. "ಮಲಗಿದ್ರೆ ಬಾಗಿಲು ನೋಡುದು ಯಾರು?" ಎನ್ನುವರು.

ಚೇಡತ್ತಿ ಸುಟ್ಟ ಹೊಗೆಮನೆಯನ್ನು ಹಾಗೆಯೇ ಬಿಟ್ಟು, ರಬ್ಬರನ್ನು ಹಾಲಾಗಿಯೇ ಮಾರತೊಡಗಿದ್ದರು. ದಿನಾ ಬೆಳಿಗ್ಗೆ ಮೀನು ಸಾರೋ ಬೇಯಿಸಿದ ಮರಗೆಣಸೋ ತಂದು ಮೆಟ್ಟಿಲ ಮೇಲಿಟ್ಟು, "ಮೋಳೆ, ಇಟ್ಟಿದ್ದೇನೆ," ಎಂದು ಮಗಳನ್ನು ಕರೆಯುವ ಹಾಗೆ ನನ್ನನ್ನು ಕೂಗಿ ಹೊರಟುಬಿಡುವರು. ಒಳಗೆ ಬರಲಿಲ್ಲ, ತಮಾಷೆ ಮಾಡಲಿಲ್ಲ. ಅಷ್ಟು ಶೀಟು ಸುಟ್ಟುಹೋಯಿತಲ್ಲ, ಸಿಟ್ಟಿರಬಹುದು ಎಂದುಕೊಂಡೆ. ಕೇಳುವ ಶಕ್ತಿ ನನಗೂ ಇರಲಿಲ್ಲ.

ಮಳೆ ನಿಂತಿತು. ದೀಪಾವಳಿ ಕಳೆದು ಗಾಳಿ ಹಗುರಾದ ಮೇಲೆ ಒಂದು ದಿನ ಜಯಂತ, "ಆ ಪಟ್ಟಿ ಎಲ್ಲಿ ಉಂಟು?" ಎಂದರು. ಅದು ಶೆಡ್ಡಿನ ಮೂಲೆಯಲ್ಲಿ ಗೋಣಿಯಡಿ ಇತ್ತು. ನಾನೇ ಬಿಡಿಸಿದೆ. ಮರವೆಲ್ಲ ಬೊಬ್ಬೆ ಎದ್ದು ಕರಿದಾಗಿತ್ತು. ಎರಡು ತುದಿಗಳಲ್ಲಿ ಮಾತ್ರ ಎಳೆಗಳು ಹೊಸದರ ಹಾಗೆ ಹೊಳೆಯುತ್ತಿದ್ದವು, ಹೆಬ್ಬೆರಳಿನ ಆಕಾರದಲ್ಲಿ. ಬೆಂಕಿ ಬಂದಾಗ ಅವರು ಹಿಡಿದುಕೊಂಡಿದ್ದ ಜಾಗ. ಜಯಂತ ಬಹಳ ಹೊತ್ತು ನೋಡಲಿಲ್ಲ. ಸ್ಯಾಂಡ್ ಪೇಪರ್ ತೆಗೆದುಕೊಂಡು ಮೊದಲು ಆ ಎರಡು ಗುರುತುಗಳನ್ನೇ ಉಜ್ಜಿ ತೆಗೆದರು.

"ಬ್ರಷ್ ಹಿಡಿದದ್ದು ಬೆರಳಿಗೆ ಗೊತ್ತೇ ಆಗುದಿಲ್ಲ ಸವಿತಾ. ಬೇರೆಯವರ ಕೈ ಹಾಕಿಕೊಂಡ ಹಾಗೆ ಆಗ್ತದೆ."

ಬರೆದರು, ಒರೆಸಿದರು. ಮತ್ತೆ ಬರೆದರು, ಒರೆಸಿದರು. ಒರೆಸಲು ಥಿನ್ನರ್ ಬೇಕು. ಡಬ್ಬಿಯ ಮುಚ್ಚಳ ತೆಗೆದಾಗೆಲ್ಲ ಇಬ್ಬರೂ ಅಂಗಳಕ್ಕೆ ಬಂದು ನಿಲ್ಲುತ್ತಿದ್ದೆವು, ವಾಸನೆ ಹೋದ ಮೇಲೆ ಮತ್ತೆ ಒಳಗೆ. ಒಂದು ಸಂಜೆ ನಾನು ಕಾಲೇಜಿನಿಂದ ಬಂದು ನೋಡಿದಾಗ ಅವರು ಒರೆಸಿರಲಿಲ್ಲ. ಎಳೆಗಳು ಅಲ್ಲಲ್ಲಿ ನಡುಗಿದ್ದವು. ರೇಡಿಯೋದ ತೂತನ್ನು ಸುತ್ತಿ ಹೋಗುವಾಗ ಎರಡು ಕಡೆ ಕಡಿದು ಮತ್ತೆ ಸೇರಿದ್ದವು. "ಮೊದಲಿನ ಹಾಗೆ ಇಲ್ಲ," ಎಂದರು. ಇರಲಿಲ್ಲ. ನಾನೂ ಹೌದೆಂದೆ. "ಆದ್ರೂ ಇರ್ಲಿ," ಎಂದರು.

ಮರುದಿನ ಒಣಗಾಳಿ, ಚುರುಕು ಬಿಸಿಲು. ಬಲ್ಬಿನ ಪೆಟ್ಟಿಗೆ ಬೇಕಿರಲಿಲ್ಲ. ಅಂಗಳದ ನಡುವೆ ಮೇಜು ಹಾಕಿ ಲ್ಯಾಕರ್ ಹೊಡೆದರು. ನಾನು ಬಕೆಟ್ಟಿನಲ್ಲಿ ನೀರು, ಮರಳು ಇಟ್ಟುಕೊಂಡು ನಿಂತಿದ್ದೆ. ಬಿಳಿ ಹಬ್ಬಲಿಲ್ಲ. ಆದರೆ ಸಂಜೆಗೆ ರಸ್ತೆಯಿಂದ ದೂಳು ಏಳತೊಡಗಿತು. ಪಟ್ಟಿಯನ್ನು ಶೆಡ್ಡಿನೊಳಗೆ ಇಟ್ಟು ಹೊರಗೆ ಬಂದ ಜಯಂತ ತಲೆ ಎತ್ತಿ ಶಟರನ್ನು ನೋಡಿದರು. ತಿಂಗಳುಗಟ್ಟಲೆ ಎಳೆಯದ ಶಟರು. ಎಡಗೈಯಲ್ಲಿ ಹಿಡಿದು ನೆಲದವರೆಗೆ ಎಳೆದರು. ಅದು ಗಡಗಡ ಎಂದಾಗ ನಾನು ಅಡುಗೆಮನೆಯಲ್ಲಿ ಪಾತ್ರೆ ಬಿಟ್ಟೆ.

"ದೂಳು ಕೂತ್ರೆ ಮತ್ತೆ ಉಜ್ಜಬೇಕಲ್ಲ," ಎಂದರು ಒಳಗೆ ಬಂದು, ಯಾರೋ ಜಗಳಕ್ಕೆ ಬಂದವರಿಗೆ ಉತ್ತರ ಕೊಟ್ಟ ಹಾಗೆ.

ಊಟವಾದ ಮೇಲೆ ನಾಯಿಯನ್ನು ಹೊರಗೆ ಕಳಿಸಿ, ಎದುರು ಬಾಗಿಲನ್ನು ಮೊಣಕೈಯಿಂದ ಮುಂದೆ ಮಾಡಿದರು. ಚಿಲಕ ಹಾಕಲಿಲ್ಲ. ನಾನು ದೀಪ ಆರಿಸಿದೆ.

ಆಮೇಲೆ ಬೆಳಗಾಗಿತ್ತು.

ನನ್ನನ್ನು ಎಬ್ಬಿಸಿದ್ದು ಬಡಿತ. ಈ ಸಲ ಅದು ತಲೆಯೊಳಗಿನದ್ದಲ್ಲ. ಬಾಗಿಲು ಅದುರುತ್ತಿತ್ತು. "ಮೋನೆ! ಮೋಳೆ! ತುರಕ್ಕ್! ಬಾಗಿಲು ತೆಗಿ!" ಚೇಡತ್ತಿಯ ದನಿ. ಜಯಂತ ಕಣ್ಣುಜ್ಜುತ್ತಾ ಹೋಗಿ ಬಾಗಿಲನ್ನು ಒಳಕ್ಕೆ ಎಳೆಯಲು ನೋಡಿದರೆ ಆಚೆಯಿಂದ ಚೇಡತ್ತಿ ಬಾಗಿಲಿನ ಕಬ್ಬಿಣದ ಬಳೆ ಹಿಡಿದು ಹೊರಕ್ಕೆ ಎಳೆಯುತ್ತಿದ್ದರು. ಒಳಕ್ಕೆ ತೆರೆಯುವ ಬಾಗಿಲನ್ನು ಎರಡೂ ಕೈಯಲ್ಲಿ, ಕಾಲು ಗೋಡೆಗೆ ಕೊಟ್ಟು.

"ತಳ್ಳಿದ್ರೆ ತೆರೀತದೆ ಚೇಡತ್ತಿ, ಚಿಲಕ ಹಾಕ್ಲಿಲ್ಲ," ಎಂದರು ಜಯಂತ.

ಅವರು ಕೈಬಿಟ್ಟು ಮೆಟ್ಟಿಲ ಮೇಲೆ ಕುಸಿದು ಕೂತರು. ಮೀನು ಸಾರಿನ ಚಟ್ಟಿ ಅಂಗಳದಲ್ಲಿ ಮಗುಚಿಕೊಂಡಿತ್ತು. ನಾಯಿ ಆಗಲೇ ಬಂದಿತ್ತು. ಉಸಿರು ಹಿಡಿದು ಹಿಡಿದು ಬಿಡುತ್ತಾ ಹೇಳಿದರು.

"ಹೊಗೆಮನೆಗೆ ತಾ ಅಂತ ಕರೆದದ್ದು ನಾನಲ್ವಾ? ಆ ದಿನದಿಂದ ನಾನು ಕಣ್ಣು ಮುಚ್ಚಿಲ್ಲ ಮೋಳೆ. ಬೆಳಿಗ್ಗೆ ಎದ್ದು ನಿಮ್ಮ ಬಾಗಿಲು ತೆರೆದದ್ದು ನೋಡಿ, ಮೋನ್ ಇದ್ದಾನೆ ಅಂತ ಗೊತ್ತು ಮಾಡಿ, ಆಮೇಲೆ ಕಾಫಿ ಕುಡಿಯುದು. ಇವತ್ತು ನೋಡಿದ್ರೆ ಹಾಕಿದೆ. ಸೂರ್ಯ ಮೇಲೆ ಬಂದ್ರೂ ಹಾಕಿದೆ!"

"ನಿದ್ದೆ ಮಾಡಿದೆವು," ಎಂದೆ.

"ನಿದ್ದೆಯಾ? ಇಷ್ಟು ಹೊತ್ತಾ? ಇಬ್ಬರೂನಾ?"

"ಇಬ್ಬರೂ."

ಚೇಡತ್ತಿ ನಮ್ಮಿಬ್ಬರ ಮುಖವನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮಲೆಯಾಳದಲ್ಲಿ ಬೈಯಲು ಶುರುಮಾಡಿದರು. ಅಂಥ ಬೈಗುಳ ನಮ್ಮ ಅಂಗಳದಲ್ಲಿ ಕೇಳದೆ ತುಂಬ ಕಾಲವಾಗಿತ್ತು. ಜಯಂತ ನಗುತ್ತಾ ಅವರ ತೋಳು ಹಿಡಿದು ಒಳಗೆ ಕರೆತಂದರು. ಕಾಫಿ ತರುತ್ತೇನೆ, ಕೂತಿರಿ ಎಂದು ನಾನು ಅಡುಗೆಮನೆಗೆ ಹೋದೆ. ಲೋಟ ಹಿಡಿದು ಬರುವಷ್ಟರಲ್ಲಿ ಅವರು ನಾವು ಇನ್ನೂ ಮಡಚದ ಹಾಸಿಗೆಯ ಮೇಲೆ ಗೋಡೆಯ ಕಡೆ ಹೊರಳಿ, ಬಾಯಿ ಅರ್ಧ ತೆರೆದು ನಿದ್ದೆಹೋಗಿದ್ದರು. ಕಾಲಿಗೆ ತೋಟದ ಮಣ್ಣು ಹಾಗೇ ಇತ್ತು. ಜಯಂತ ಸುಟ್ಟ ಕೈಯಲ್ಲಿ ಹೊದಿಕೆಯನ್ನು ಅವರ ಭುಜದವರೆಗೆ ಎಳೆದರು. ಬೆರಳು ಸರಿಯಾಗಿ ಹಿಡಿಯದೆ ಎರಡು ಸಲ ಜಾರಿತು, ಮೂರನೆಯ ಸಲ ಬಂತು.

ನಾನು ಫೋನ್ ಹಿಡಿದು ಅಂಗಳಕ್ಕೆ ಹೋಗಿ, ಮೆಲ್ಲಗಿನ ದನಿಯಲ್ಲಿ ಕಾಲೇಜಿಗೆ ರಜೆ ಹೇಳಿದೆ.